ಬಿಸಿಲು ಪುಕ್ಕಟೆ, ಬಡ್ಡಿ ಎಷ್ಟು?

ಸೂರ್ಯ ಬಿಲ್ ಕಳಿಸುವುದಿಲ್ಲ, ಬ್ಯಾಂಕು ಕಳಿಸುತ್ತದೆ. ಸೌರ ಫಲಕದ ಒಳಗುಟ್ಟು ಬಲ್ಲ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಅದರ ಸಾಲದ ಕಂತು ತಿಳಿಸುವವರು ಯಾರು? ದೊಡ್ಡಬಳ್ಳಾಪುರದ ಮಗ್ಗದ ಮನೆ, ದೇವನಹಳ್ಳಿಯ ಹೊಲ, ನೆಲಮಂಗಲದ ಗೋದಾಮು, ಹೊಸಕೋಟೆಯ ಬೋರ್‌ವೆಲ್ ಸುತ್ತಿ ಬಂದ ಒಂದು ಲೆಕ್ಕದ ಪಾಠ.

ಲಾಳಿ ಹಾಸಿನ ನಡುವೆಯೇ ನಿಂತುಬಿಟ್ಟಿತು. ಒಂದು ಮಗ್ಗದ್ದಲ್ಲ, ಬೀದಿಗೆ ಬೀದಿಯದೇ. ಅಲ್ಲಿಯವರೆಗೂ ಕೂಗಿ ಕೂಗಿ ಮಾತಾಡುತ್ತಿದ್ದ ನಮಗೆ ನಮ್ಮ ದನಿಯೇ ಜೋರೆನಿಸಿತು. ದೊಡ್ಡಬಳ್ಳಾಪುರದ ನೇಕಾರರ ಓಣಿಯಲ್ಲಿ ಕರೆಂಟು ಹೋದದ್ದು ಮೊದಲು ತಿಳಿಯುವುದು ಕಿವಿಗೆ.

ಜಗುಲಿಯ ಮೇಲೆ ಎಂಜಿನಿಯರಿಂಗ್ ಮೂರನೇ ವರ್ಷದ ನಾಲ್ವರು ವಿದ್ಯಾರ್ಥಿಗಳು ಕೂತಿದ್ದರು. ನಾಲ್ಕು ಮಗ್ಗದ ಈ ಮನೆಯ ತಾರಸಿಗೆ ಸೋಲಾರ್ ಹಾಕಿದರೆ ಹೇಗೆ ಎಂದು ನೋಡುವುದು ಅವರ ಪ್ರಾಜೆಕ್ಟು. ನಾನು ಅವರ ಬೆನ್ನಿಗೆ ಹೋದವನು. ಹುಡುಗಿಯೊಬ್ಬಳು ಲ್ಯಾಪ್‌ಟಾಪ್ ತೆರೆದು ವಿವರಿಸುತ್ತಿದ್ದಳು: ಮಾನೊಕ್ರಿಸ್ಟಲೈನ್ ಫಲಕ, ಶೇ 20ರ ಮೇಲಿನ ದಕ್ಷತೆ, ದಕ್ಷಿಣಕ್ಕೆ 13 ಡಿಗ್ರಿ ವಾಲಿಕೆ, ಇನ್ವರ್ಟರು, ನೆಟ್ ಮೀಟರು. ಹೇಳಿದ್ದರಲ್ಲಿ ಒಂದು ತಪ್ಪೂ ಇರಲಿಲ್ಲ.

ಮಗ್ಗದ ಯಜಮಾನರು ಕೈಯಲ್ಲಿದ್ದ ಕಂಡಿಕೆಯನ್ನು ಪಕ್ಕಕ್ಕಿಟ್ಟರು.

‘ಎಲ್ಲಾ ಸರಿ ಕಣಮ್ಮ. ಬಡ್ಡಿ ಎಷ್ಟು ಬೀಳುತ್ತೆ, ಅಷ್ಟು ಹೇಳು.’

ಹುಡುಗಿ ಪರದೆ ನೋಡಿದಳು. ಅಲ್ಲಿ ಬಡ್ಡಿಗೆ ಅಂತ ಒಂದು ಕಾಲಮ್ಮೇ ಇರಲಿಲ್ಲ. ‘ಬ್ಯಾಂಕಲ್ಲಿ ಕೇಳಬೇಕು ಅಂಕಲ್’ ಎಂದಳು.

‘ಬ್ಯಾಂಕು ಕೊಟ್ಟರೆ ಬ್ಯಾಂಕಿನ ಬಡ್ಡಿ. ಕೊಡದಿದ್ದರೆ ನೂರಕ್ಕೆ ಎರಡು. ಚೀಟಿ ಎತ್ತಿದರೆ ಇನ್ನೊಂದು ಲೆಕ್ಕ. ಯಾವುದಕ್ಕೆ ಎಷ್ಟಾಗುತ್ತೆ?’

ಯಾರೂ ಮಾತಾಡಲಿಲ್ಲ. ಅವರು ಮತ್ತೊಂದು ಕೇಳಿದರು: ‘ಈಗ ಕರೆಂಟು ಹೋಯ್ತಲ್ಲ, ಇದು ತಾರಸಿ ಮೇಲೆ ಇದ್ದಿದ್ದರೆ ಮಗ್ಗ ಓಡ್ತಿತ್ತಾ?’

‘ಇಲ್ಲ’ ಎಂದ ಒಬ್ಬ ಹುಡುಗ, ತುಸು ಸಂಕೋಚದಿಂದ. ಬ್ಯಾಟರಿಯಿಲ್ಲದೆ ನೇರ ಗ್ರಿಡ್‌ಗೆ ಜೋಡಿಸಿದ ಸೌರ ಘಟಕ ಲೈನಿನಲ್ಲಿ ಕರೆಂಟು ಹೋದ ಕೂಡಲೇ ತಾನೂ ನಿಲ್ಲಬೇಕು. ಇಲ್ಲದಿದ್ದರೆ ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ತಾರಸಿಯ ವಿದ್ಯುತ್ತೇ ಹೊಡೆಯುತ್ತದೆ. ಯಜಮಾನರು ತಲೆದೂಗಿದರು. ಸುರಕ್ಷತೆಯ ಮಾತು ಅವರಿಗೆ ತಕ್ಷಣ ಅರ್ಥವಾಯಿತು. ಅರ್ಥವಾಗದೆ ಉಳಿದದ್ದು ಹಾಗಾದರೆ ತಾನೇಕೆ ಸಾಲ ಮಾಡಬೇಕು ಎಂಬುದು.

‘ಚಿತ್ರಸಹಿತ ವಿವರಿಸಿ’

ಸೆಪ್ಟೆಂಬರ್ 15 ಬಂತೆಂದರೆ ನಮ್ಮ ಕಾಲೇಜುಗಳಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಹಾರ ಬೀಳುತ್ತದೆ. ದೊಡ್ಡಬಳ್ಳಾಪುರ, ದೇವನಹಳ್ಳಿ ಸುತ್ತಲಿನ ಕಾಲೇಜುಗಳಿಗಂತೂ ಅವರು ನೆರೆಯೂರಿನವರು. ನಂದಿ ಬೆಟ್ಟದ ಆಚೆ ಮಗ್ಗುಲಿಗೆ ಮುದ್ದೇನಹಳ್ಳಿ. ಎಂಜಿನಿಯರ್‌ಗಳ ದಿನದ ಭಾಷಣಗಳಲ್ಲಿ ಈಚೆಗೆ ಹಸಿರು ಇಂಧನದ ಮಾತಿಲ್ಲದ ಭಾಷಣವಿಲ್ಲ.

ಪಾಠವೂ ಇದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದಲ್ಲಿ ಮೊದಲ ವರ್ಷದವರೇ ಆಯ್ದುಕೊಳ್ಳಬಹುದಾದ ವಿಷಯಗಳ ಸಾಲಿನಲ್ಲಿ ‘ರಿನ್ಯೂವಬಲ್ ಎನರ್ಜಿ ಸೋರ್ಸಸ್’ ಸೇರಿದೆ. ಒಳ್ಳೆಯ ಕೆಲಸ. ಆದರೆ ಪರೀಕ್ಷೆಯ ಹೊತ್ತಿಗೆ ಅದು ಹಳೆಯ ಜಾಡಿಗೇ ಇಳಿಯುತ್ತದೆ: ಸೌರಕೋಶ ಕೆಲಸ ಮಾಡುವ ಬಗೆಯನ್ನು ಚಿತ್ರಸಹಿತ ವಿವರಿಸಿ, ಗಾಳಿಯಂತ್ರದ ಭಾಗಗಳನ್ನು ಹೆಸರಿಸಿ. ಹಣದ ಪಾಠ ಬೇರೆ ಸೆಮಿಸ್ಟರಿನಲ್ಲಿ, ಮ್ಯಾನೇಜ್‌ಮೆಂಟ್ ವಿಷಯದಲ್ಲಿ, ಬೇರೆ ಮೇಷ್ಟರಿಂದ ಬರುತ್ತದೆ. ಅಲ್ಲಿ ಬಡ್ಡಿ, ಸವಕಳಿ, ನಿವ್ವಳ ಮೌಲ್ಯ ಎಲ್ಲ ಇವೆ, ಸೋಲಾರ್ ಇಲ್ಲ. ಎರಡೂ ಪುಸ್ತಕ ಒಂದೇ ಚೀಲದಲ್ಲಿದ್ದರೂ ಒಂದರ ಮಾತು ಇನ್ನೊಂದಕ್ಕೆ ಕೇಳುವುದಿಲ್ಲ.

ನವೀಕರಿಸಬಹುದಾದ ಇಂಧನಗಳ ವಿಷಯದಲ್ಲಿ ಇದು ಸಣ್ಣ ಕೊರತೆಯಲ್ಲ. ರಾಯಚೂರಿನ ಶಾಖೋತ್ಪನ್ನ ಕೇಂದ್ರವನ್ನು ನೋಡಿ. ಅದು ಓಡಿದಷ್ಟು ದಿನ ಕಲ್ಲಿದ್ದಲು ಉರಿಯಬೇಕು, ದುಡ್ಡು ಕೊಡುತ್ತಲೇ ಇರಬೇಕು. ಖರ್ಚು ಇಪ್ಪತ್ತೈದು ಮೂವತ್ತು ವರ್ಷಕ್ಕೆ ಹರಡಿಕೊಂಡಿರುತ್ತದೆ. ಸೌರ ಫಲಕದಲ್ಲಿ ಹಾಗಲ್ಲ. ಹೆಚ್ಚುಕಡಿಮೆ ಎಲ್ಲ ಖರ್ಚೂ ಮೊದಲ ದಿನವೇ ಮುಗಿಯುತ್ತದೆ. ಇಪ್ಪತ್ತೈದು ವರ್ಷದ ವಿದ್ಯುತ್ತನ್ನು ಒಂದೇ ಸಲಕ್ಕೆ ಕೊಂಡಂತೆ. ಅಷ್ಟು ದುಡ್ಡು ಯಾರ ಕೈಯಲ್ಲೂ ಇರುವುದಿಲ್ಲ, ಆದ್ದರಿಂದ ಸಾಲ. ಕಲ್ಲಿದ್ದಲ ಘಟಕದ ಉರುವಲು ಕಲ್ಲಿದ್ದಲಾದರೆ ಸೌರ ಘಟಕದ ಉರುವಲು ಬಡ್ಡಿ.

ಈ ಒಂದು ಮಾತು ಮನಸ್ಸಿಗೆ ಇಳಿದರೆ ಮಿಕ್ಕಿದ್ದೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ. ಲೆಕ್ಕವೂ ಕಠಿಣವಲ್ಲ, ಬೈಕ್ ಸಾಲಕ್ಕೆ ಕಂತು ಹಾಕುವ ಅದೇ ಸೂತ್ರ.

> ಒಂದೇ ತಾರಸಿ, ನಾಲ್ಕು ಬೆಲೆ
>
> 3 ಕಿಲೊವ್ಯಾಟ್ ಘಟಕಕ್ಕೆ 1,80,000 ರೂಪಾಯಿ ಎಂದಿಟ್ಟುಕೊಳ್ಳಿ. ನಮ್ಮ ಕಡೆ 1 ಕಿಲೊವ್ಯಾಟ್‌ಗೆ ದಿನಕ್ಕೆ ಸರಾಸರಿ 4 ಯೂನಿಟ್. ವರ್ಷಕ್ಕೆ 4,380 ಯೂನಿಟ್. ನಿರ್ವಹಣೆಗೆ ವರ್ಷಕ್ಕೆ 2,000 ರೂಪಾಯಿ. ಬಾಳಿಕೆ 25 ವರ್ಷ. ಸಬ್ಸಿಡಿ ಸೇರಿಸಿಲ್ಲ.
>
> ಬಡ್ಡಿ ಶೇ 5 ಆದರೆ ಯೂನಿಟ್‌ಗೆ 3 ರೂಪಾಯಿ 37 ಪೈಸೆ.
>
> ಶೇ 9 ಆದರೆ 4 ರೂಪಾಯಿ 64 ಪೈಸೆ.
>
> ಶೇ 12 ಆದರೆ 5 ರೂಪಾಯಿ 70 ಪೈಸೆ.
>
> ತಿಂಗಳಿಗೆ ನೂರಕ್ಕೆ ಎರಡರ ಕೈಸಾಲ, ಅಂದರೆ ವರ್ಷಕ್ಕೆ ಶೇ 24 ಆದರೆ 10 ರೂಪಾಯಿ 37 ಪೈಸೆ.

ಅದೇ ಫಲಕ, ಅದೇ ಬಿಸಿಲು, ಅದೇ ತಾರಸಿ. ಬ್ಯಾಂಕಿನ ಬಾಗಿಲು ತೆರೆದವನಿಗೆ ಬಿಸಿಲು ಆರು ರೂಪಾಯಿಯೊಳಗೆ ಸಿಗುತ್ತದೆ; ತೆರೆಯದವನಿಗೆ ಹತ್ತು ರೂಪಾಯಿ ಮೀರುತ್ತದೆ. ಮಗ್ಗದ ಯಜಮಾನರು ಮೊದಲ ಪ್ರಶ್ನೆಯಲ್ಲೇ ಮುಟ್ಟಿದ್ದು ಇದನ್ನು. ಪ್ರಯೋಗಾಲಯದಲ್ಲಿ ಫಲಕದ ದಕ್ಷತೆಯನ್ನು ಶೇ 1ರಷ್ಟು ಏರಿಸಲು ವಿಜ್ಞಾನಿಗಳು ವರ್ಷಗಟ್ಟಲೆ ಬೆವರು ಸುರಿಸುತ್ತಾರೆ. ಬಡ್ಡಿ ಕೆಲವೇ ಅಂಕ ಇಳಿದರೂ ಬಡ ನೇಕಾರನಿಗೆ ಅದಕ್ಕಿಂತ ದೊಡ್ಡ ಉಪಕಾರ.

ಮೊದಲು ಗಿರಾಕಿ, ಆಮೇಲೆ ಯಂತ್ರ

ಇದನ್ನು ಹೊಸ ವಿದ್ಯೆ ಎಂದುಕೊಂಡರೆ ನಮ್ಮ ಹಿರಿಯರಿಗೆ ಅನ್ಯಾಯ ಮಾಡಿದಂತೆ. ಕರ್ನಾಟಕದ ಮೊದಲ ದೊಡ್ಡ ವಿದ್ಯುತ್ ಯೋಜನೆಯೇ ನವೀಕರಿಸಬಹುದಾದ ಇಂಧನದ್ದು: ಶಿವನಸಮುದ್ರ. 1902ರ ಜೂನ್ 30ರಂದು ಅಲ್ಲಿಂದ ಹೊರಟ ವಿದ್ಯುತ್ ಸುಮಾರು 147 ಕಿಲೊಮೀಟರ್ ದೂರದ ಕೋಲಾರದ ಚಿನ್ನದ ಗಣಿ ತಲುಪಿತು. ಬೆಂಗಳೂರಿನ ಬೀದಿ ದೀಪ ಉರಿದದ್ದು ಮೂರು ವರ್ಷ ತಡವಾಗಿ, 1905ರ ಆಗಸ್ಟ್ 5ರಂದು.

ರಾಜಧಾನಿಗಿಂತ ಮೊದಲು ಗಣಿಗೆ ಏಕೆ? ಗಣಿ ಕಂಪನಿಗಳು ವಿದ್ಯುತ್ ಕೊಳ್ಳುವ ಕರಾರಿಗೆ ಮೊದಲೇ ಸಹಿ ಹಾಕಿದ್ದವು. ಆ ಕರಾರಿನ ಬಲದ ಮೇಲೆ ಮೈಸೂರು ಸಂಸ್ಥಾನ ಹಣ ಹೂಡಿತು. ಇವತ್ತು ಸೌರ ಕಂಪನಿಗಳು ಬ್ಯಾಂಕಿಗೆ ಹೋಗುವಾಗ ಹಿಡಿದುಕೊಂಡು ಹೋಗುವ ವಿದ್ಯುತ್ ಖರೀದಿ ಒಪ್ಪಂದ ಬೇರೇನಲ್ಲ, ಅದೇ.

ಆಮೇಲೆ ಬಂದ ವಿಶ್ವೇಶ್ವರಯ್ಯನವರೂ ಇದೇ ದಾರಿ ಹಿಡಿದರು. ಕೃಷ್ಣರಾಜಸಾಗರದ ಮೊದಲ ಹಂತಕ್ಕೆ 81 ಲಕ್ಷ ರೂಪಾಯಿ ಬೇಕಿತ್ತು. ಸಂಸ್ಥಾನಕ್ಕೆ ಅದು ಭಾರಿ ಮೊತ್ತ, ವಿರೋಧವೂ ಇತ್ತು. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಶಿವನಸಮುದ್ರದ ಯಂತ್ರಗಳು ಸೊರಗುತ್ತವೆ, ನೀರು ಕೂಡಿಟ್ಟರೆ ಗಣಿಗೆ ವರ್ಷವಿಡೀ ವಿದ್ಯುತ್ ಕೊಡಬಹುದು, ಅದರ ಆದಾಯ ಅಣೆಕಟ್ಟಿನ ಖರ್ಚನ್ನು ಹೊರುತ್ತದೆ ಎಂಬುದು ಅವರ ವಾದದ ಬೆನ್ನೆಲುಬಾಗಿತ್ತು. ಗೋಡೆ ಎಷ್ಟು ದಪ್ಪ ಎಂಬ ಲೆಕ್ಕದ ಜೊತೆಗೇ ದುಡ್ಡು ಹೇಗೆ ತಿರುಗಿ ಬರುತ್ತದೆ ಎಂಬ ಲೆಕ್ಕವನ್ನೂ ಹಿಡಿದು ಬಂದ ಎಂಜಿನಿಯರ್ ಅವರು. ಹಾರ ಹಾಕುವ ದಿನ ಮಕ್ಕಳಿಗೆ ಈ ಕಥೆಯನ್ನೂ ಹೇಳಬೇಕು.

ಪುರದ ಸಗಣಿ, ಅಮೂಲ್ಯ ರೆಡ್ಡಿಯವರ ಲೆಕ್ಕ

ಇನ್ನೊಬ್ಬರ ಕಥೆಯನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಬೆಂಗಳೂರಿನಲ್ಲಿ 1930ರಲ್ಲಿ ಹುಟ್ಟಿದ ಅಮೂಲ್ಯ ಕೆ.ಎನ್. ರೆಡ್ಡಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯುತ್ ರಸಾಯನಶಾಸ್ತ್ರಜ್ಞರಾಗಿದ್ದರು. 1974ರಲ್ಲಿ ಅಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಕಟ್ಟಿದರು. ವಿಜ್ಞಾನವನ್ನು ಹಳ್ಳಿಗೆ ಒಯ್ಯುವುದು ಅದರ ಗುರಿ. ಹಳ್ಳಿಯ ಮನೆಗಳಲ್ಲಿ ಸೌದೆ ಉಳಿಸಿದ ಅಸ್ತ್ರ ಒಲೆ ಅಲ್ಲಿಂದಲೇ ಬಂದದ್ದು.

ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಅವರ ತಂಡ ಸಮುದಾಯ ಗೋಬರ್ ಗ್ಯಾಸ್ ಘಟಕ ಹೂಡಿತು. ಅಡುಗೆಗೆ ಅನಿಲ ಕೊಡುವುದು ಮೊದಲ ಯೋಚನೆ. ಅದು ಕೈಗೂಡಲಿಲ್ಲ; ಊರಿನ ದನಗಳ ಸಗಣಿಯಿಂದ ಎಲ್ಲರ ಒಲೆ ಉರಿಸುವಷ್ಟು ಅನಿಲ ಹುಟ್ಟಲಿಲ್ಲ. ತಂಡ ಅಲ್ಲಿಗೇ ಕೈಚೆಲ್ಲದೆ ಊರಿನವರ ಬಳಿ ಕೂತು ಮಾತಾಡಿತು. ಅವರಿಗೆ ಮುಖ್ಯವಾಗಿ ಬೇಕಿದ್ದದ್ದು ಕುಡಿಯುವ ನೀರು, ಆಮೇಲೆ ದೀಪ. 1987ರಿಂದ ಅದೇ ಅನಿಲದಲ್ಲಿ ಎಂಜಿನ್ ಓಡಿಸಿ ವಿದ್ಯುತ್ ಮಾಡಿ, ಕೊಳವೆಬಾವಿಯಿಂದ ನೀರೆತ್ತಿ ನಲ್ಲಿಗೆ ಬಿಟ್ಟರು, ಮನೆಗಳಿಗೆ ದೀಪ ಕೊಟ್ಟರು. ಸಗಣಿ ತಂದವರಿಗೆ ತೂಕದ ಮೇಲೆ ಕಾಸು ಸಿಗುತ್ತಿತ್ತು, ಗೊಬ್ಬರವೂ ವಾಪಸು ಹೋಗುತ್ತಿತ್ತು.

ಯಂತ್ರ ಅದೇ, ಅನಿಲ ಅದೇ. ಯಾವ ಅಗತ್ಯಕ್ಕೆ ಜೋಡಿಸಿದರು ಎಂಬುದರ ಮೇಲೆಯೇ ಯೋಜನೆ ಬಿದ್ದದ್ದೂ, ಎದ್ದದ್ದೂ.

ಅದೇ ಹೊತ್ತಿಗೆ, 1987ರಲ್ಲಿ, ರಾಜ್ಯದ ದೀರ್ಘಾವಧಿ ವಿದ್ಯುತ್ ಯೋಜನೆಯೊಂದು ಬಂತು. 2000ನೇ ಇಸವಿಗೆ ಕರ್ನಾಟಕಕ್ಕೆ ಸುಮಾರು 9,400 ಮೆಗಾವ್ಯಾಟ್ ಬೇಕು ಎಂದಿತು ಅದು. ರೆಡ್ಡಿ ಮತ್ತು ಸಂಗಡಿಗರು ಪೆನ್ಸಿಲ್ ಹಿಡಿದು ಕೂತರು. ಜನರಿಗೆ ಬೇಕಾದದ್ದು ಯೂನಿಟ್ಟಲ್ಲ. ಬೆಳಕು, ನೀರು, ಬಿಸಿ, ಮೋಟಾರಿನ ತಿರುಗು. ಅವನ್ನು ಒಳ್ಳೆಯ ಬಲ್ಬು, ಒಳ್ಳೆಯ ಪಂಪು, ಸೋಲಾರ್ ವಾಟರ್ ಹೀಟರು, ಸಣ್ಣ ಘಟಕಗಳಿಂದ ಒದಗಿಸಿದರೆ ಸುಮಾರು 4,000 ಮೆಗಾವ್ಯಾಟ್ ಸಾಕು, ಖರ್ಚೂ ಬಹಳ ಕಡಿಮೆ ಎಂದು ತೋರಿಸಿದರು. ಉಳಿಸಿದ ಯೂನಿಟ್ ಎಲ್ಲಕ್ಕಿಂತ ಅಗ್ಗದ ಯೂನಿಟ್ ಎಂಬುದನ್ನು ಅಂಕಿಗಳಲ್ಲಿ ಇಷ್ಟು ಗಟ್ಟಿಯಾಗಿ ಹೇಳಿದ ಕೆಲಸ ನಮ್ಮಲ್ಲಿ ಅದಕ್ಕೂ ಮೊದಲು ಬಂದಂತಿಲ್ಲ. ರೆಡ್ಡಿ 2006ರಲ್ಲಿ ತೀರಿಕೊಂಡರು. ಅವರ ಊರಿಗೆ ನಲವತ್ತು ಕಿಲೊಮೀಟರ್ ದೂರದ ತರಗತಿಗಳಲ್ಲಿ ಅವರ ಹೆಸರು ಕೇಳಿದರೆ ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಾರೆ. ಇದು ನನಗೆ ನಿಜವಾಗಿ ನೋವು ಕೊಡುವ ಸಂಗತಿ.

> ತಿಂಗಳಿಗೆ 300, ದಿನಕ್ಕೆ 10
>
> 1995ರಲ್ಲಿ ಸೆಲ್ಕೊ ಸಂಸ್ಥೆ ಕಟ್ಟಿ, 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಹರೀಶ್ ಹಂದೆ ತಮಗೆ ಪಾಠ ಕಲಿಸಿದ ಬೀದಿ ವ್ಯಾಪಾರಿಯೊಬ್ಬರ ಮಾತನ್ನು ಹಲವು ಕಡೆ ನೆನೆದಿದ್ದಾರೆ: ಸೌರ ದೀಪಕ್ಕೆ ತಿಂಗಳಿಗೆ 300 ರೂಪಾಯಿ ದುಬಾರಿ, ದಿನಕ್ಕೆ 10 ರೂಪಾಯಿಯಾದರೆ ಕಟ್ಟಬಹುದು. ಮೊತ್ತ ಒಂದೇ. ದಿನಗೂಲಿಯವರ ಕೈಗೆ ದುಡ್ಡು ದಿನವೂ ಬರುತ್ತದೆ, ತಿಂಗಳ ಕೊನೆಗೆ ಉಳಿಯುವುದಿಲ್ಲ. ಕಂತನ್ನು ಆದಾಯದ ಲಯಕ್ಕೆ ಹೊಂದಿಸುವುದೂ ವಿನ್ಯಾಸದ ಕೆಲಸವೇ.

ದೇವನಹಳ್ಳಿಯಲ್ಲಿ ಸೋಲಾರ್ ಪಾರ್ಕ್ ಏಕಿಲ್ಲ?

ತರಗತಿಯಲ್ಲಿ ಕೇಳಲು ಇದು ಚೆಂದದ ಪ್ರಶ್ನೆ. ಬಿಸಿಲು ಪಾವಗಡಕ್ಕೂ ದೇವನಹಳ್ಳಿಗೂ ಅಜಗಜಾಂತರವೇನಿಲ್ಲ. ವಿದ್ಯುತ್ ಬೇಕಾದ ಬೆಂಗಳೂರು ಇಲ್ಲೇ ಮಗ್ಗುಲಲ್ಲಿದೆ. ಆದರೂ 2,050 ಮೆಗಾವ್ಯಾಟ್‌ನ ಪಾರ್ಕು ಎದ್ದದ್ದು ಪಾವಗಡದಲ್ಲಿ, ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ.

ಅಲ್ಲಿ ಸರ್ಕಾರ ಜಮೀನು ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಿತು. ಮೊದಲಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಆಮೇಲೆ ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಮಳೆ ಕೈಕೊಟ್ಟು ಶೇಂಗಾ ಒಣಗುತ್ತಿದ್ದ ನೆಲಕ್ಕೆ ಖಚಿತ ಬಾಡಿಗೆ. ಒಂದು ಮೆಗಾವ್ಯಾಟ್‌ಗೆ ಆರೂ ಕಾಲು ಎಕರೆಗಿಂತ ತುಸು ಹೆಚ್ಚು ಬೇಕಾಗುತ್ತದೆ. ವರ್ಷಕ್ಕೆ ಸುಮಾರು 20 ಲಕ್ಷ ಯೂನಿಟ್ ಹುಟ್ಟುತ್ತದೆಂದು ಹಿಡಿದರೆ ಯೂನಿಟ್ಟಿನ ಮೇಲೆ ಆ ಮೊದಲ ನೆಲಬಾಡಿಗೆ ಏಳು ಪೈಸೆಯೂ ಬೀಳುವುದಿಲ್ಲ.

ಈಗ ಅದೇ ಲೆಕ್ಕವನ್ನು ವಿಮಾನ ನಿಲ್ದಾಣದ ಊರಿಗೆ ತನ್ನಿ. ಎಕರೆಗೆ ಒಂದು ಕೋಟಿ ಎಂದಷ್ಟೇ ಹಿಡಿಯಿರಿ. ದೇವನಹಳ್ಳಿಯವರು ಇದು ಕಡಿಮೆಯಾಯಿತು ಎಂದಾರು. ಶೇ 9ರ ಬಡ್ಡಿಗೆ ಆ ನೆಲದ ಮೇಲೆ ಕಟ್ಟಿಹಾಕಿದ ದುಡ್ಡೊಂದೇ ಯೂನಿಟ್‌ಗೆ 2 ರೂಪಾಯಿ 85 ಪೈಸೆ ಆಗುತ್ತದೆ. ರಾಜಸ್ಥಾನದ ಭಡ್ಲಾದಲ್ಲಿ 2017ರಲ್ಲಿ ಇಡೀ ಘಟಕದ ವಿದ್ಯುತ್ತನ್ನೇ 2 ರೂಪಾಯಿ 44 ಪೈಸೆಗೆ ಕೊಡುತ್ತೇವೆಂದು ಕಂಪನಿ ಹರಾಜಿನಲ್ಲಿ ಒಪ್ಪಿತ್ತು. ಅಂದರೆ ನಮ್ಮಲ್ಲಿ ಫಲಕ ಪುಕ್ಕಟೆ ಸಿಕ್ಕರೂ ಹೊಲದಲ್ಲಿ ಹಾಕುವುದು ಗಿಟ್ಟುವುದಿಲ್ಲ. ಈ ಭಾಗದ ಬಿಸಿಲನ್ನು ತಾರಸಿಯ ಮೇಲೆಯೇ ಹಿಡಿಯಬೇಕು.

ಆದರೆ ನೆಲದ ಬೆಲೆ ರಿಜಿಸ್ಟ್ರಾರ್ ಕಚೇರಿಯ ಅಂಕಿಯಷ್ಟೇ ಅಲ್ಲ ಎಂಬುದನ್ನೂ ಅದೇ ತರಗತಿಯಲ್ಲಿ ಹೇಳಬೇಕು. ದೇವನಹಳ್ಳಿ ತಾಲ್ಲೂಕಿನದೇ ಚನ್ನರಾಯಪಟ್ಟಣ ಹೋಬಳಿಯ ರೈತರು 1,777 ಎಕರೆಯ ಸ್ವಾಧೀನವನ್ನು ಮೂರು ವರ್ಷಕ್ಕೂ ಮೀರಿ ವಿರೋಧಿಸಿ, 2025ರ ಜುಲೈ 15ರಂದು ಸರ್ಕಾರ ಅದನ್ನು ಕೈಬಿಡುವಂತೆ ಮಾಡಿದರು. ಅದು ಕೈಗಾರಿಕೆಗೆಂದು ಗುರುತಿಸಿದ್ದ ಜಮೀನು, ಸೋಲಾರಿಗಲ್ಲ. ಆದರೂ ಪಾಠ ಒಂದೇ. ಪಾವಗಡದಲ್ಲೂ ಬಾಡಿಗೆ ಬಂದದ್ದು ಪಹಣಿ ಇದ್ದವರಿಗೆ. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಕೆಲಸ ಹೋಯಿತು, ಬಾಡಿಗೆ ಬರಲಿಲ್ಲ. ಏಳು ಪೈಸೆಯೊಳಗೆ ಅವರ ಪಾಲು ಎಲ್ಲಿದೆ ಎಂದು ಕೇಳದ ಲೆಕ್ಕ ಅರ್ಧ ಲೆಕ್ಕ.

ಲಾಭ ಯಾರ ಜೇಬಿಗೆ?

ತಾರಸಿ ಎಂದ ಕೂಡಲೇ ನೆಲಮಂಗಲ ನೆನಪಾಗುತ್ತದೆ. ಹೆದ್ದಾರಿಯ ಎರಡೂ ಬದಿಗೆ, ದಾಬಸ್‌ಪೇಟೆಯವರೆಗೂ, ಎಕರೆಗಟ್ಟಲೆ ಶೀಟು ಹೊದ್ದ ಗೋದಾಮುಗಳು. ನೆರಳಿಲ್ಲ, ಮರವಿಲ್ಲ, ಸೌರ ಫಲಕಕ್ಕೆ ಹೇಳಿ ಮಾಡಿಸಿದ ಜಾಗ. ಎಷ್ಟೋ ಶೀಟುಗಳು ಇನ್ನೂ ಬರಿದೇ ಕಾಯುತ್ತಿವೆ. ಕಾರಣ ತಂತ್ರಜ್ಞಾನದಲ್ಲಿ ಸಿಗುವುದಿಲ್ಲ. ಚಾವಣಿ ಮಾಲೀಕರದು, ಕರೆಂಟು ಬಿಲ್ಲು ಬಾಡಿಗೆದಾರರದು. ಮಾಲೀಕರು ಹಾಕಿಸಿದರೆ ಉಳಿತಾಯ ಬಾಡಿಗೆದಾರರಿಗೆ. ಬಾಡಿಗೆದಾರರು ಹಾಕಿಸೋಣವೆಂದರೆ ಕರಾರು ಐದಾರು ವರ್ಷಕ್ಕೆ ಮುಗಿಯುತ್ತದೆ, ಫಲಕದ ಬಾಳಿಕೆ ಇಪ್ಪತ್ತೈದು ವರ್ಷ. ಈ ಗಂಟು ಬಿಡಿಸಲು ಬೇಕಾದದ್ದು ಒಳ್ಳೆಯ ಕರಾರು ಬರೆಯುವ ಬುದ್ಧಿ.

ಹೊಸಕೋಟೆಯ ಕಡೆಗೆ ಬನ್ನಿ. ಸಾವಿರ ಅಡಿ ದಾಟಿದ ಬೋರ್‌ವೆಲ್, ಅದರ ತಳದಿಂದ ನೀರೆತ್ತುವ ಮೋಟಾರು. ರಾಜ್ಯದಲ್ಲಿ 10 ಅಶ್ವಶಕ್ತಿವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಉಚಿತ. ರೈತರಿಗೆ ಬಿಲ್ಲೇ ಇಲ್ಲವಾದ್ದರಿಂದ ಸೌರ ಪಂಪಿನಿಂದ ಅವರಿಗೆ ಉಳಿಯುವ ದುಡ್ಡೂ ಇಲ್ಲ. ಉಳಿಯುವುದು ರಾಜ್ಯದ ಬೊಕ್ಕಸಕ್ಕೆ, ಸಹಾಯಧನದ ಹೊರೆ ತಗ್ಗಿದಷ್ಟು. ರೈತರಿಗೆ ಸಿಗುವುದು ಹಗಲು ಹೊತ್ತಿನ ಕರೆಂಟು, ರಾತ್ರಿ ಹಾವು ಚೇಳಿನ ನಡುವೆ ಟಾರ್ಚು ಹಿಡಿದು ಹೋಗಿ ಸ್ವಿಚ್ ಒತ್ತುವ ಕಷ್ಟ ತಪ್ಪುವುದು. ಅದೂ ಬೆಲೆಯೇ, ಆದರೆ ಬೇರೆ ಕಾಲಮ್ಮಿನದು. ಕೇಂದ್ರದ ಕುಸುಮ್ ಯೋಜನೆಯಡಿ ಹಳ್ಳಿಯ ಇಡೀ ಫೀಡರಿಗೇ ಸೌರ ಘಟಕ ಜೋಡಿಸುವ ಪ್ರಯತ್ನದ ಹಿಂದಿರುವುದು ಈ ತರ್ಕ: ಯಾರಿಗೆ ಉಳಿತಾಯವೋ ಅವರೇ ಹೂಡಲಿ.

ಮನೆಗಳದ್ದೂ ಇದೇ ಕಥೆ. 2024ರ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೊವ್ಯಾಟ್‌ಗೆ 78,000 ರೂಪಾಯಿ ಸಹಾಯಧನವಿದೆ, ಕಡಿಮೆ ಬಡ್ಡಿಯ ಸಾಲವೂ ಇದೆ. ಬೆಸ್ಕಾಂ ಗೃಹಬಳಕೆ ದರ 2025ರ ಏಪ್ರಿಲ್‌ನಲ್ಲಿ ಯೂನಿಟ್‌ಗೆ 5 ರೂಪಾಯಿ 80 ಪೈಸೆ ಇತ್ತು. ಆ ದರದಲ್ಲಿ, ಹುಟ್ಟಿದ 4,380 ಯೂನಿಟ್ಟನ್ನೂ ಬಳಸುವ ಮನೆಗೆ ವರ್ಷಕ್ಕೆ ಸುಮಾರು 25,000 ರೂಪಾಯಿ ಉಳಿದು, ಸಹಾಯಧನ ಕಳೆದು ಹಾಕಿದ ದುಡ್ಡು ಸುಮಾರು ನಾಲ್ಕು ವರ್ಷದಲ್ಲಿ ವಾಪಸು. ಅದರ ಪಕ್ಕದ ಮನೆಗೆ ರಾಜ್ಯದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯಲ್ಲಿ ಬಿಲ್ಲು ಸೊನ್ನೆ. ಅಲ್ಲಿ ವಾಪಸು ಬರುವ ಕಾಲಕ್ಕೆ ಉತ್ತರವೇ ಇಲ್ಲ, ಏಕೆಂದರೆ ಉಳಿಸುವುದಕ್ಕೆ ಏನೂ ಇಲ್ಲ. ಗೃಹಜ್ಯೋತಿ ಬಡಮನೆಗೆ ನಿಜವಾದ ನೆರವು, ಅದರ ಬಗ್ಗೆ ನನಗೆ ತಕರಾರಿಲ್ಲ. ಎರಡು ಒಳ್ಳೆಯ ಯೋಜನೆಗಳು ಒಂದೇ ತಾರಸಿಯ ಮೇಲೆ ಹೇಗೆ ಎದುರುಬದುರಾಗುತ್ತವೆ ಎಂಬುದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕ ಮಾಡಿ ಕಾಣಬೇಕು ಎಂಬುದಷ್ಟೇ ನನ್ನ ಮಾತು.

> ಬೆಲೆ ಬಿದ್ದ ಬಗೆ
>
> 2010: ರಾಷ್ಟ್ರೀಯ ಸೌರ ಅಭಿಯಾನದ ಮೊದಲ ಹರಾಜು. ಯೂನಿಟ್‌ಗೆ 10 ರೂಪಾಯಿ 95 ಪೈಸೆಯಿಂದ 12 ರೂಪಾಯಿ 76 ಪೈಸೆ.
>
> 2017: ಭಡ್ಲಾದಲ್ಲಿ 2 ರೂಪಾಯಿ 44 ಪೈಸೆ.
>
> 2020: ಗುಜರಾತಿನ ಹರಾಜಿನಲ್ಲಿ 1 ರೂಪಾಯಿ 99 ಪೈಸೆ.
>
> ಫಲಕ ಅಗ್ಗವಾದದ್ದು ಒಂದು ಕಾರಣ. ಕೊಳ್ಳುವವರು ಗಟ್ಟಿ ಎಂಬ ನಂಬಿಕೆಯ ಮೇಲೆ ಸಾಲ ಅಗ್ಗವಾದದ್ದು ಇನ್ನೊಂದು.

ಸಂಜೆ ಏಳರ ಯೂನಿಟ್

ಎಲ್ಲ ಯೂನಿಟ್ಟೂ ಒಂದೇ ಅಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಪಾವಗಡ ತುಂಬಿ ಹರಿಯುವಾಗ ವಿದ್ಯುತ್ ವಿನಿಮಯ ಕೇಂದ್ರದಲ್ಲಿ ಬೆಲೆ ಕುಸಿಯುತ್ತದೆ. ಸಂಜೆ ಏಳಕ್ಕೆ ದೀಪ, ಟಿವಿ, ಮಿಕ್ಸಿ ಎಲ್ಲ ಒಟ್ಟಿಗೆ ಏಳುವಾಗ ಸೂರ್ಯ ಇರುವುದಿಲ್ಲ. ಬೇಡಿಕೆ ಬಿಗಿಯಾದ ದಿನಗಳಲ್ಲಿ ಬೆಲೆ 10 ರೂಪಾಯಿಯ ಮಿತಿಗೇ ಹೋಗಿ ಮುಟ್ಟುತ್ತದೆ. ಗಾಳಿ ಬೀಸುವುದು ಹೆಚ್ಚಾಗಿ ಜೂನ್‌ನಿಂದ ಸೆಪ್ಟೆಂಬರ್. ಆ ನಡುವಿನ ತಗ್ಗನ್ನು ತುಂಬುವವರು ಯಾರು?

ಶರಾವತಿಯ ಜಲವಿದ್ಯುತ್ ಇಷ್ಟು ದಿನ ತುಂಬಿದೆ. ಬ್ಯಾಟರಿ ಈಗ ಹತ್ತಿರ ಬರುತ್ತಿದೆ. 2022ರಲ್ಲಿ ಕೇಂದ್ರದ ಹರಾಜಿನಲ್ಲಿ ಒಂದು ಮೆಗಾವ್ಯಾಟ್ ಬ್ಯಾಟರಿಗೆ ತಿಂಗಳ ಬಾಡಿಗೆ 10 ಲಕ್ಷ ರೂಪಾಯಿ ದಾಟಿತ್ತು. 2024ರ ಕೊನೆಗೆ ಎರಡೂವರೆ ಲಕ್ಷಕ್ಕಿಂತ ಕೆಳಗಿಳಿಯಿತು. ನೀರನ್ನು ಹಗಲು ಮೇಲೆತ್ತಿ ರಾತ್ರಿ ಕೆಳಗೆ ಬಿಡುವ 2,000 ಮೆಗಾವ್ಯಾಟ್‌ನ ಶರಾವತಿ ಯೋಜನೆಯೂ ಇದೆ, ಸಿಂಗಳೀಕಗಳ ಕಾಡಿನ ನಡುವೆ. ಯಾವುದು ಅಗ್ಗ ಎಂದು ಕೇಳಿದರೆ ವಿದ್ಯಾರ್ಥಿ ಕಾಡಿನ ಬೆಲೆಯನ್ನು ಸೊನ್ನೆ ಎಂದು ಬರೆದನೋ ಇಲ್ಲವೋ ಎಂಬುದನ್ನೇ ನಾನು ಮೊದಲು ನೋಡುತ್ತೇನೆ.

ಪಠ್ಯಪುಸ್ತಕ ಕಾಲೇಜಿನ ಗೋಡೆಯ ಮೇಲಿದೆ

ಇದನ್ನೆಲ್ಲ ಕಲಿಸಲು ಹೊಸ ಪ್ರಯೋಗಾಲಯ ಬೇಡ. ಪ್ರತಿ ಕಾಲೇಜಿಗೂ ತಿಂಗಳಿಗೊಂದು ಬೆಸ್ಕಾಂ ಬಿಲ್ಲು ಬರುತ್ತದೆ, ಅದನ್ನು ತರಗತಿಗೆ ತನ್ನಿ. ಅದರಲ್ಲಿ ಯೂನಿಟ್ಟಿನ ದರ ಬೇರೆ, ಕೆವಿಎ ಲೆಕ್ಕದ ಡಿಮ್ಯಾಂಡ್ ಶುಲ್ಕ ಬೇರೆ. ಹಗಲಿನ ಸೌರ ವಿದ್ಯುತ್ ಮೊದಲನೆಯದನ್ನು ಇಳಿಸುತ್ತದೆ. ಹಾಸ್ಟೆಲ್ಲಿನ ಬೇಡಿಕೆಯ ಶಿಖರ ಸಂಜೆ ಇದ್ದರೆ ಎರಡನೆಯದು ಅಲುಗುವುದೇ ಇಲ್ಲ. ಜನರೇಟರಿಗೆ ಹೋಗುವ ಡೀಸೆಲ್ ರಸೀದಿಯನ್ನೂ ಪಕ್ಕದಲ್ಲಿಡಿ. ಬೇಸಿಗೆ ರಜೆಯಲ್ಲಿ ಬಿಸಿಲು ಜೋರು, ತರಗತಿ ಖಾಲಿ. ಆ ಯೂನಿಟ್ ಎಲ್ಲಿ ಹೋಗುತ್ತದೆ, ಅದಕ್ಕೆ ಎಷ್ಟು ಸಿಗುತ್ತದೆ ಎಂದು ಕೇಳಿ. ಒಂದು ಸೆಮಿಸ್ಟರ್ ಇದಕ್ಕೇ ಸಾಲದು.

ಮತ್ತೆ ಆ ಲೆಕ್ಕವನ್ನು ಕನ್ನಡದಲ್ಲಿ, ಮಗ್ಗದ ಮನೆಯ ಜಗುಲಿಯಲ್ಲಿ ಕೂತು ಹೇಳಿಸಿ. ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ ಪದಗಳ ಹಿಂದೆ ಅರ್ಥ ಇದೆಯೋ ಇಲ್ಲವೋ ಅಲ್ಲಿ ಗೊತ್ತಾಗುತ್ತದೆ.

ಎರಡು ವಾರದ ಮೇಲೆ ಆ ನಾಲ್ವರು ಮತ್ತೆ ಹೋದರು. ಈ ಸಲ ಲ್ಯಾಪ್‌ಟಾಪ್ ಇಲ್ಲ, ಒಂದು ಹಾಳೆ. ಬ್ಯಾಂಕಿನ ಬಡ್ಡಿಗೆ ಇಷ್ಟು, ಕೈಸಾಲಕ್ಕೆ ಇಷ್ಟು, ಬ್ಯಾಟರಿ ಸೇರಿಸಿದರೆ ಇಷ್ಟು. ಕೈಸಾಲವಾದರೆ ಬೇಡವೇ ಬೇಡ ಅಂಕಲ್ ಎಂದು ಹುಡುಗಿ ಕಡ್ಡಿ ಮುರಿದಂತೆ ಹೇಳಿದಳು. ಯಜಮಾನರು ಹಾಳೆಯನ್ನು ಬೆಳಕಿಗೆ ಹಿಡಿದು ನಿಧಾನವಾಗಿ ಓದಿದರು.

‘ದಿನಕ್ಕೆ ನಾಲ್ಕು ಯೂನಿಟ್ ಅಂತ ಬರೆದಿದ್ದೀಯಲ್ಲಮ್ಮ, ಇದು ಯಾವ ತಿಂಗಳದ್ದು?’

‘ವರ್ಷದ ಸರಾಸರಿ ಅಂಕಲ್. ಮಾರ್ಚಿನಲ್ಲಿ ಜಾಸ್ತಿ ಬರುತ್ತೆ. ಮಳೆಗಾಲದಲ್ಲಿ ಮೋಡ ಕವಿದರೆ ಕಮ್ಮಿ.’

‘ವರಮಹಾಲಕ್ಷ್ಮಿ ಹಬ್ಬದ ಸೀರೆಯೆಲ್ಲ ನಾವು ನೇಯೋದೇ ಜೂನು, ಜುಲೈನಲ್ಲಿ. ಆಗ ಹಗಲು ರಾತ್ರಿ ನಾಲ್ಕೂ ಮಗ್ಗ ಓಡಬೇಕು. ನೀನು ಹೇಳೋ ಮಾರ್ಚಿನ ಬಿಸಿಲು ಇಟ್ಕೊಂಡು ನಾನೇನು ಮಾಡಲಿ?’

ಹುಡುಗಿ ಹಾಳೆಯನ್ನು ವಾಪಸು ತೆಗೆದುಕೊಂಡಳು. ಹಿಂಬದಿಗೆ ತಿರುಗಿಸಿ, ಜಗುಲಿಯ ಮೇಲೆ ಇಟ್ಟು, ಪೆನ್ನಿನಲ್ಲಿ ಹನ್ನೆರಡು ಗೆರೆ ಎಳೆದಳು. ಮೊದಲ ಕಾಲಮ್ಮಿನ ತಲೆಗೆ ಜನವರಿ ಎಂದು ಬರೆದು, ‘ಜನವರಿಯಲ್ಲಿ ದಿನಕ್ಕೆ ಎಷ್ಟು ಗಂಟೆ ಓಡುತ್ತೆ ಅಂಕಲ್?’ ಎಂದು ಕೇಳಿದಳು.